ಮೊದಲ ಮಾದರಿ

ಅಂಬತ್ತೂರಿನ ಕೈಗಾರಿಕಾ ಎಸ್ಟೇಟಿನ ಹಿಂಬದಿಯಲ್ಲಿ ಆಸ್ಪತ್ರೆಯ ಗೋಡೆಗಳಿಗೆ ಬಳಿಯುವ ಬಣ್ಣ ತಯಾರಿಸುವ ಒಂದು ಕಾರ್ಖಾನೆಯಿತ್ತು. ಆ ಬಣ್ಣ ಬಳಿದ ಗೋಡೆಯ ಮೇಲೆ ರೋಗಾಣುಗಳು ಹೆಚ್ಚು ಹೊತ್ತು ಬದುಕುವುದಿಲ್ಲ ಎಂದು ಕಂಪನಿಯವರು ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಕಾರಣ ಬಣ್ಣಕ್ಕೆ ಬೆರೆಸುವ ಸತುವಿನ ನ್ಯಾನೊ ಪುಡಿ. ಅದರ ಒಂದು ಕಣ ಶಾಲೆಯ ಸೂಕ್ಷ್ಮದರ್ಶಕದಲ್ಲೂ ಕಾಣದಷ್ಟು ಸಣ್ಣದು. ಚೀಲ ಬಿಚ್ಚಿ ತೊಟ್ಟಿಗೆ ಸುರಿಯುವಾಗ ಮಾತ್ರ ಬೆಳ್ಳಗೆ ಮೇಲೆದ್ದು, ಕಿಟಕಿಯ ಬೆಳಕಿನಲ್ಲಿ ಸ್ವಲ್ಪ ಹೊತ್ತು ತೇಲಿ ಮಾಯವಾಗುತ್ತಿತ್ತು. ಕೆಲಸದವರು ಅದನ್ನು ತಮಿಳಿನಲ್ಲಿ ‘ಮಾವು’, ಅಂದರೆ ಹಿಟ್ಟು, ಎಂದೇ ಕರೆಯುತ್ತಿದ್ದರು.

ವೀರೇಶ್ ಆ ಪುಡಿ ಕೋಣೆಯ ಸೂಪರ್‌ವೈಸರ್. ರಸಾಯನಶಾಸ್ತ್ರ ಓದಿದವನು. ಆ ಪುಡಿ ಕಾರ್ಖಾನೆಗೆ ಮೊದಲು ಬಂದಾಗ ಚೀಲ ಬಿಚ್ಚಿ ಎಲ್ಲರಿಗೂ ಕೆಲಸ ಕಲಿಸಿಕೊಟ್ಟವನೂ ಅವನೇ. ಮುಖಕ್ಕೆ ಬಟ್ಟೆಯ ಮಾಸ್ಕ್ ಕೊಟ್ಟಿದ್ದರು. ಚೆನ್ನೈನ ಸೆಕೆಯಲ್ಲಿ ಅದು ಮಧ್ಯಾಹ್ನದ ಹೊತ್ತಿಗೆ ಎಲ್ಲರ ಗದ್ದದ ಕೆಳಗೆ ಇಳಿದಿರುತ್ತಿತ್ತು. ಸಂಜೆ ಮನೆಗೆ ಹೊರಟಾಗ ಬಾಯಲ್ಲಿ ನಾಣ್ಯ ಚೀಪಿದಂಥ ರುಚಿ ಇರುತ್ತಿತ್ತು. ಒಂದು ಕಾಫಿ ಕುಡಿದರೆ ಹೋಗುತ್ತಿತ್ತು. ಅದರ ಬಗ್ಗೆ ಯಾರೂ ಹೆಚ್ಚು ಯೋಚಿಸಿರಲಿಲ್ಲ.

ಅವನ ತಂದೆ ಹಾಲಸಿದ್ದಪ್ಪ ಕಲಬುರಗಿಯಿಂದ ತೊಗರಿಬೇಳೆ ತರಿಸಿ ಮಾರುವ ವ್ಯಾಪಾರಕ್ಕೆಂದು ಚೆನ್ನೈಗೆ ಬಂದು ವಿಲ್ಲಿವಾಕ್ಕಂನಲ್ಲಿ ನೆಲೆ ನಿಂತವರು. ವೀರೇಶ್ ಹುಟ್ಟಿದ್ದೂ ಓದಿದ್ದೂ ಇಲ್ಲೇ. ಮನೆಯ ಹೊಸ್ತಿಲಾಚೆ ತಮಿಳು, ಈಚೆ ಕಲಬುರಗಿಯ ಕನ್ನಡ. ತಾಯಿ ಜಗದೇವಿ ತಮಿಳನ್ನು ಚೆನ್ನಾಗಿ ಕಲಿತಿದ್ದರೂ, ಸೊಸೆಯನ್ನು ಮಾತ್ರ ಊರಿನ ಕಡೆಯಿಂದಲೇ ತರಬೇಕೆಂದು ಹಟ ಹಿಡಿದು ಬೀದರಿನಿಂದ ಸೌಂದರ್ಯಾಳನ್ನು ತಂದಿದ್ದರು. ಸೌಂದರ್ಯಾ ಅಣ್ಣಾನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಮಕ್ಕಳು ತಮಿಳಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಹೇಳಿ, ಮನೆಗೆ ಬಂದು ಕನ್ನಡದಲ್ಲಿ ದಣಿವಾರಿಸಿಕೊಳ್ಳುತ್ತಿದ್ದಳು.

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಲಿಲ್ಲ. ಮೊದಲ ಕ್ಲಿನಿಕ್ಕಿನ ವೈದ್ಯರು ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹೇಳಿದ್ದರು. ಸೌಂದರ್ಯಾ ಮಾಡಿಸಿಕೊಂಡಳು. ವೀರೇಶ್ ಇವತ್ತು ಶಿಫ್ಟ್ ಇದೆ, ನಾಳೆ ಆಡಿಟ್ ಇದೆ ಎಂದು ಮುಂದೂಡುತ್ತ ಬಂದ. ಒಂದು ಸಲ ಕ್ಲಿನಿಕ್ಕಿನ ಒಳಗೂ ಹೋಗಿದ್ದ. ಅಲ್ಲಿನ ಹುಡುಗಿ ಒಂದು ಪುಟ್ಟ ಡಬ್ಬಿ ಕೈಗಿಟ್ಟು, ಕೋಣೆಯ ಕಡೆ ಕೈ ತೋರಿಸಿದಾಗ, ಸಾಲಾಗಿ ಕುಳಿತಿದ್ದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ, ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು ಬಂದುಬಿಟ್ಟಿದ್ದ. ಆಮೇಲೆ ಕ್ಲಿನಿಕ್ ಬದಲಾಯಿತು. ಹೊಸ ಡಾಕ್ಟರಮ್ಮ ಗಂಡನ ರಿಪೋರ್ಟ್ ಕೇಳಿದಾಗ ಜಗದೇವಿಯೇ ಮುಂದಾಗಿ, ಅದೆಲ್ಲ ಹಳೆಯ ಕಡೆ ಆಗಿದೆ, ನಮ್ಮ ಹುಡುಗನಿಗೆ ಏನೂ ತೊಂದರೆ ಇಲ್ಲ ಎಂದು ತಮಿಳಿನಲ್ಲಿ ಹೇಳಿದರು. ವೀರೇಶ್ ಪಕ್ಕದಲ್ಲೇ ಇದ್ದ. ಸುಮ್ಮನಿದ್ದ. ಹೊರಗೆ ರೋಗಿಗಳ ಸಾಲಿತ್ತು. ಡಾಕ್ಟರಮ್ಮ ಮತ್ತೆ ಕೇಳಲಿಲ್ಲ.

ಅಲ್ಲಿಂದ ಮುಂದೆ ಎಲ್ಲವೂ ಸೌಂದರ್ಯಾಳ ಮೈಮೇಲೆ ನಡೆಯಿತು. ಮಾತ್ರೆ, ಹೊಟ್ಟೆಗೆ ಇಂಜೆಕ್ಷನ್, ತಿಂಗಳಿಗೊಮ್ಮೆ ಸ್ಕ್ಯಾನ್. ಅವಳ ಮುಖ ಊದಿಕೊಂಡಿತು. ತಲೆನೋವು ಬಂದರೆ ಎರಡು ದಿನ ಬಿಡುತ್ತಿರಲಿಲ್ಲ. ಊರಿಂದ ಬಂದ ನೆಂಟರು ಅವಳೆದುರೇ ಅವಳ ತವರಿನ ಕಡೆ ಯಾರಿಗಾದರೂ ಹೀಗಿತ್ತೇ ಎಂದು ವಿಚಾರಿಸುತ್ತಿದ್ದರು. ಕೊನೆಗೆ ಡಾಕ್ಟರಮ್ಮ, ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಒಳಗೆ ನೋಡೋಣ, ಗರ್ಭಕೋಶದ ಸುತ್ತ ಏನಾದರೂ ಅಂಟಿಕೊಂಡಿದ್ದರೆ ಬಿಡಿಸೋಣ ಎಂದು ಒಂದು ತಾರೀಖು ಕೊಟ್ಟರು.

ಅದೇ ಹೊತ್ತಿಗೆ ಕಾರ್ಖಾನೆಗೆ ಬೇರೊಂದು ವಿಷಯ ಬಂತು. ಬಣ್ಣ ಕೊಳ್ಳುವ ಯುರೋಪಿನ ಕಂಪನಿಯೊಂದು, ನ್ಯಾನೊ ಪುಡಿ ಮುಟ್ಟುವ ಕೆಲಸಗಾರರ ಆರೋಗ್ಯ ತಪಾಸಣೆ ನಡೆಸದೆ ಮುಂದಿನ ಒಪ್ಪಂದ ಇಲ್ಲ ಎಂದಿತು. ಮ್ಯಾನೇಜರ್ ಬದರಿನಾಥ ನಗರದ ಒಂದು ಸಂಶೋಧನಾ ಸಂಸ್ಥೆಯನ್ನು ಕರೆಸಿದರು. ಅಲ್ಲಿಂದ ಬಂದವಳು ವೀಕ್ಷಾ. ಅವಳ ಅಜ್ಜ ಉಡುಪಿಯ ಕಡೆಯಿಂದ ಬಂದು ಚೆನ್ನೈನಲ್ಲಿ ಸಸ್ಯಾಹಾರಿ ಹೋಟೆಲು ಇಟ್ಟವರು. ಅಪ್ಪ ಈಗಲೂ ಅದನ್ನೇ ನಡೆಸುತ್ತಿದ್ದರು. ವೀಕ್ಷಾ ಜೀವಕೋಶಗಳ ಬಗ್ಗೆ ಓದಿ ಡಾಕ್ಟರೇಟ್ ಮಾಡಿದ್ದಳು. ವೀರೇಶನ ಹೆಸರು ಕೇಳಿ ಊರು ವಿಚಾರಿಸಿ, ಅವತ್ತಿನಿಂದ ಅವನ ಜೊತೆ ಕನ್ನಡದಲ್ಲೇ ಮಾತನಾಡತೊಡಗಿದಳು. ಇಬ್ಬರ ಕನ್ನಡವೂ ಒಂದೇ ಭಾಷೆ ಎಂದು ಪಕ್ಕದಲ್ಲಿದ್ದವರಿಗೆ ನಂಬಿಸುವುದು ಕಷ್ಟವಿತ್ತು.

ರಕ್ತ ಕೊಡಲು ಎಲ್ಲರೂ ಒಪ್ಪಿದರು. ವೀರ್ಯದ ಮಾದರಿಯೂ ಬೇಕು ಎಂದಾಗ ಪುಡಿ ಕೋಣೆಯಲ್ಲಿ ಮೊದಲು ನಗು ಎದ್ದಿತು. ಆಮೇಲೆ ಸಿಟ್ಟು. ತಿರುಮಲ ಎಂಬವನು ಎಲ್ಲರಿಗಿಂತ ಖಾರವಾಗಿ ಮಾತನಾಡಿದ. ತಿರುತ್ತಣಿಯ ತೆಲುಗು ಮನೆಯ ಹುಡುಗ, ಆಗಷ್ಟೇ ಮದುವೆಯಾಗಿತ್ತು. ಕಂಪನಿಗೆ ತನ್ನ ಕೈಕಾಲು ಕೊಟ್ಟಿದ್ದೇನೆ, ಅದನ್ನು ಕೊಡುವುದಿಲ್ಲ ಎಂದ. ಉಳಿದವರು ಅವನ ಹಿಂದೆ ನಿಂತರು. ಬದರಿನಾಥ ವೀರೇಶನನ್ನು ಪಕ್ಕಕ್ಕೆ ಕರೆದು, ಹೇಗಾದರೂ ಒಪ್ಪಿಸು, ಒಪ್ಪಂದ ಕೈ ತಪ್ಪಿದರೆ ಈ ಕೋಣೆಯೇ ಇರುವುದಿಲ್ಲ ಎಂದರು.

ವೀರೇಶ್ ಮರುದಿನ ಎಲ್ಲರನ್ನೂ ಸೇರಿಸಿ, ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ, ರಕ್ತ ಕೊಟ್ಟ ಹಾಗೇ ಇದೂ ಎಂದ. ಯಾರೂ ಮಾತನಾಡಲಿಲ್ಲ. ಆ ಮೌನದಲ್ಲಿ ಅವನ ಬಾಯಿಂದ, ಮೊದಲು ನಾನೇ ಕೊಡುತ್ತೇನೆ ಎಂಬ ಮಾತು ಬಂತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಅಚ್ಚರಿಯೆಂದರೆ ಅವನಿಗೆ ಈ ಸಲ ಅಷ್ಟು ಕಷ್ಟವೆನಿಸಲಿಲ್ಲ. ಇಲ್ಲಿ ಯಾರೂ ಅವನಿಗೆ ಮಕ್ಕಳಿಲ್ಲವೆಂದು ಪರೀಕ್ಷಿಸುತ್ತಿರಲಿಲ್ಲ. ಇದು ಡ್ಯೂಟಿ.

ಅವನು ಕೊಟ್ಟ ಮೇಲೂ ಉಳಿದವರು ಒಪ್ಪಲಿಲ್ಲ. ಕೆಲವು ದಿನಗಳ ನಂತರ ವೀಕ್ಷಾ ಬಂದು, ಇನ್ನೊಂದು ಮಾದರಿ ಬೇಕಿತ್ತು ಎಂದಳು. ಮೊದಲನೆಯದು ಚೆಲ್ಲಿರಬಹುದೆಂದುಕೊಂಡು ಅವನು ಕೊಟ್ಟ. ಅದರ ಮುಂದಿನ ವಾರ ಊಟದ ಹೊತ್ತಿನಲ್ಲಿ ಅವಳು ಕ್ಯಾಂಟೀನಿಗೆ ಬಂದು ಅವನೆದುರು ಕುಳಿತಳು. ಬೇರೆ ಕಡೆ ಹೋಗೋಣವೇ ಎಂದು ಕೇಳಿದಳು. ಅವನು ಇಲ್ಲಿ ಕನ್ನಡ ಯಾರಿಗೂ ಬರುವುದಿಲ್ಲ, ಹೇಳಿ ಎಂದ.

“ಸಂಖ್ಯೆಗೆ ತೊಂದರೆ ಇಲ್ಲ ಸಾರ್, ಬೇಕಾದಷ್ಟು ಉಂಟು,” ಎಂದಳು ವೀಕ್ಷಾ. “ಆದರೆ ಅವು ಚಲಿಸುವುದಿಲ್ಲ. ಹೆಚ್ಚಿನವು ಇದ್ದಲ್ಲೇ ಇವೆ. ಎರಡು ಸಲವೂ ಹಾಗೇ.”

“ಯಾಕ್ರಿ?”

“ಪ್ರತಿಯೊಂದು ವೀರ್ಯಾಣುವಿನ ಕುತ್ತಿಗೆಯ ಹತ್ತಿರ ಶಕ್ತಿ ತಯಾರು ಮಾಡುವ ಭಾಗ ಇರ್ತದೆ. ಮೈಟೊಕಾಂಡ್ರಿಯಾ ಅಂತ ನೀವು ಓದಿರ್ತೀರಿ. ನಿಮ್ಮದರಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಹಾರ ಸಿಕ್ಕಿದರೂ ಅದನ್ನು ಶಕ್ತಿಯಾಗಿ ಮಾಡ್ಲಿಕ್ಕೆ ಆಗುವುದಿಲ್ಲ. ಹಾಗಾಗಿ ಬಾಲ ಆಡುವುದಿಲ್ಲ.”

“ಪುಡಿಯಿಂದ ಆಗ್ಯದೇನ್ರಿ?”

ಇಲಿಗಳಿಗೆ ಇಂಥ ಪುಡಿ ಕೊಟ್ಟು ನೋಡಿದವರಿದ್ದಾರೆ ಎಂದಳು ವೀಕ್ಷಾ. ಕಣಗಳು ಬಹಳ ಸಣ್ಣವಾದ್ದರಿಂದ ಶ್ವಾಸಕೋಶದಿಂದ ರಕ್ತಕ್ಕೆ ಇಳಿದು ವೃಷಣದವರೆಗೂ ತಲುಪಬಲ್ಲವು. ಅಲ್ಲಿ ಜೀವಕೋಶದ ಒಳಗೆ ಹೋಗಿ ಅದರ ಉಸಿರಾಟವನ್ನೇ ಕೆಡಿಸಬಲ್ಲವು. ಆದರೆ ಇಲಿಗೆ ಕೊಟ್ಟ ಪ್ರಮಾಣ ಬೇರೆ, ಮನುಷ್ಯ ಉಸಿರಾಡುವುದು ಬೇರೆ. ಸಿಗರೇಟು, ಕುಡಿತ, ಜ್ವರ, ಕೋಣೆಯ ಸೆಕೆ, ಹೀಗೆ ನೂರು ಕಾರಣ ಇರಬಹುದು. ವೀರೇಶ್ ಸಿಗರೇಟು ಸೇದುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಅದನ್ನು ಹೇಳಿದ. ಹಾಗಿದ್ದರೂ ಒಬ್ಬರ ಮಾದರಿ ಹಿಡಿದು ಪುಡಿಯೇ ಕಾರಣ ಎಂದು ತಾನು ಹೇಳಲಾರೆ ಎಂದಳು ವೀಕ್ಷಾ. ಉಳಿದವರದೂ ಸಿಕ್ಕಿದರೆ ಏನಾದರೂ ತಿಳಿದೀತು. ಪುಡಿಯಿಂದ ದೂರ ಇದ್ದು ನಾಲ್ಕಾರು ತಿಂಗಳು ನೋಡಿ, ಹೊಸ ವೀರ್ಯಾಣುಗಳು ಹುಟ್ಟುತ್ತಲೇ ಇರುತ್ತವೆ, ಸುಧಾರಿಸಲೂಬಹುದು ಎಂದು ಸೇರಿಸಿದಳು.

ಯಾರಿಗೂ ಹೇಳಬೇಡಿ ಎಂದು ಅವನು ಕೇಳಿಕೊಂಡ.

“ನಾನು ಹೇಳುವ ಹಾಗೆ ಇಲ್ಲ ಸಾರ್, ಅದು ನಿಮ್ಮದು,” ಎಂದಳು ಅವಳು. “ಹೇಳಬೇಕಾದವರು ಮನೆಯಲ್ಲಿ ಯಾರಾದರೂ ಇದ್ದರೆ ನೀವೇ ಹೇಳಿ.”

ಅವನು ಹೇಳಲಿಲ್ಲ. ಪ್ರತಿದಿನ ಸಂಜೆ ಲೋಕಲ್ ರೈಲಿನಲ್ಲಿ ನಿಂತು, ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದ. ಮನೆಯಲ್ಲಿ ಸೌಂದರ್ಯಾ ಶಾಲೆಗೆ ರಜೆ ಹಾಕುವ ಮಾತಾಡುತ್ತಿದ್ದಳು, ಯಾವ ತರಗತಿಯನ್ನು ಯಾರಿಗೆ ಒಪ್ಪಿಸುವುದೆಂದು ಯೋಚಿಸುತ್ತಿದ್ದಳು. ಆಸ್ಪತ್ರೆಗೆ ಒಯ್ಯಲು ಒಂದು ಚೀಲದಲ್ಲಿ ಸಡಿಲ ನೈಟಿ, ಟವೆಲು, ಬಾಚಣಿಗೆ ಇಟ್ಟುಕೊಂಡಳು. ಜಗದೇವಿ ಲಿಂಗಪೂಜೆಯ ಹೊತ್ತಿನಲ್ಲಿ ಸೊಸೆಯ ಹೆಸರು ಹೇಳಿ ಬೇಡಿಕೊಳ್ಳುತ್ತಿದ್ದರು. ವೀರೇಶ್ ಊಟ ಮಾಡಿ ಫೋನು ಹಿಡಿದು ಕೂರುತ್ತಿದ್ದ. ಅದರಲ್ಲಿ ಇಲಿಗಳ ಬಗ್ಗೆ ಓದುತ್ತಿದ್ದ. ಏನೂ ಆಗುವುದಿಲ್ಲ ಎಂದು ಬರೆದವರೂ ಇದ್ದರು. ಅಂಥ ಬರಹಗಳನ್ನು ಹುಡುಕಿ ಎರಡೆರಡು ಸಲ ಓದಿದ. ಆಪರೇಷನ್ ಆಗಿಬಿಡಲಿ, ಅವಳಲ್ಲೂ ಏನಾದರೂ ಸಿಕ್ಕರೆ ತನ್ನದು ಹೇಳಬೇಕಾಗಿಯೇ ಬರಲಾರದು ಎಂಬ ಯೋಚನೆಯೂ ಒಮ್ಮೆ ಬಂತು. ಆ ಯೋಚನೆ ತನ್ನದೇ ಎಂದು ಗೊತ್ತಾದಾಗ ಅವನಿಗೆ ಹೇಸಿಗೆಯಾಯಿತು.

ಆಪರೇಷನ್ನಿನ ದಿನ ಬೆಳಿಗ್ಗೆ ಮೂವರೂ ಆಸ್ಪತ್ರೆಗೆ ಹೋದರು. ಸೌಂದರ್ಯಾಳಿಗೆ ಹಸಿರು ಅಂಗಿ ತೊಡಿಸಿ, ಮಣಿಕಟ್ಟಿಗೆ ಹೆಸರಿನ ಪಟ್ಟಿ ಸುತ್ತಿದ್ದರು. ಒಳಗೆ ಕರೆದೊಯ್ಯುವ ಮೊದಲು ಡಾಕ್ಟರಮ್ಮ ಕೊನೆಯ ಬಾರಿ ಎಲ್ಲವನ್ನೂ ವಿವರಿಸಲು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡರು. ಅರಿವಳಿಕೆ ಎಷ್ಟು ಹೊತ್ತು, ಹೊಲಿಗೆ ಎಷ್ಟು ಎಂದೆಲ್ಲ ಹೇಳಿ, ಏನಾದರೂ ಕೇಳುವುದಿದೆಯೇ ಎಂದರು. ಸೌಂದರ್ಯಾ ಇಲ್ಲವೆಂದು ತಲೆಯಾಡಿಸಿದಳು. ಅಂಗಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ವೀರೇಶ್ ಆಗ ಹೇಳಿದ. ತಮಿಳಿನಲ್ಲಿ ಹೇಳಿದ. ಕನ್ನಡದಲ್ಲಿ ಹೇಳಲು ಅವನಿಗೆ ಆಗುತ್ತಿರಲಿಲ್ಲ. ತನ್ನ ಪರೀಕ್ಷೆ ಹಿಂದೆ ಯಾವತ್ತೂ ಆಗಿರಲಿಲ್ಲ, ಈಗ ಕಾರ್ಖಾನೆಯ ಕಡೆಯಿಂದ ಎರಡು ಸಲ ಆಗಿದೆ, ವೀರ್ಯಾಣುಗಳು ಚಲಿಸುವುದಿಲ್ಲವಂತೆ ಎಂದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನನ್ನೂ ಜಗದೇವಿಯನ್ನೂ ನೋಡಿದರು. ಅವರು ಬೈಯಲಿಲ್ಲ. ಮೊದಲು ಕೇಳಬೇಕಾಗಿದ್ದ ರಿಪೋರ್ಟನ್ನು ತಾನೂ ಕೇಳಲಿಲ್ಲ ಎಂದಷ್ಟೇ ಹೇಳಿ, ಇವತ್ತು ಇದು ಬೇಡ, ಮುಂದೆ ಬೇಕಾದರೆ ನೋಡೋಣ ಎಂದರು. ಜಗದೇವಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಸೌಂದರ್ಯಾ ಎದ್ದು ಹೊರಗೆ ಹೋದಳು.

ಬಟ್ಟೆ ಬದಲಿಸಿಕೊಂಡು ಬಂದವಳು ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಕುಳಿತಳು. ವೀರೇಶ್ ತಾಯಿಯನ್ನು ಆಟೋ ಹತ್ತಿಸಿ ಕಳಿಸಿ, ಬಂದು ಪಕ್ಕದಲ್ಲಿ ಕುಳಿತ. ಬಸ್ಸುಗಳು ಬಂದು ಹೋದವು.

“ಯಾವಾಗ ಗೊತ್ತಾತು?” ಎಂದಳು.

“ಎರಡು ವಾರ ಆತು.”

“ಅಂದ್ರ ನಾ ಚೀಲ ತುಂಬೋದು ನೋಡ್ಕೋತ ಕುಂತಿದ್ರಿ.”

ಅವನು ಅವಳ ಕಾಲ ಬಳಿ ಇದ್ದ ಆ ಚೀಲವನ್ನು ನೋಡಿದ.

“ನಿಮ್ಮ ಮೈಯಾಗ ತೊಂದ್ರಿ ಅದ ಅಂತ ನನಗ ಸಿಟ್ಟಿಲ್ಲ. ಅದು ಯಾರ ಕೈಯಾಗೂ ಇಲ್ಲ. ಇಷ್ಟು ವರ್ಷ ಎಲ್ಲಾ ನನ್ನ ಮ್ಯಾಲೆ ಹಾಕಿ ನೀವು ಬಾಯಿ ಮುಚ್ಕೊಂಡು ಕುಂತ್ರಲ್ಲ, ಅದಕ್ಕ ಸಿಟ್ಟದ.”

“ಹೌದು,” ಎಂದ ವೀರೇಶ್.

ಅವಳು ಮಣಿಕಟ್ಟಿನ ಪಟ್ಟಿಯನ್ನು ಹಲ್ಲಿನಿಂದ ಕಡಿದು ತೆಗೆಯಲು ನೋಡಿದಳು. ಅದು ಬರಲಿಲ್ಲ. ಅವನು ಸಹಾಯಕ್ಕೆ ಕೈ ಚಾಚಿದಾಗ ದೂರ ಸರಿದಳು. ಸ್ವಲ್ಪ ಹೊತ್ತಿನ ಮೇಲೆ ಪುಡಿಯ ಬಗ್ಗೆ ಕೇಳಿದಳು. ವೀಕ್ಷಾ ಹೇಳಿದ್ದನ್ನೆಲ್ಲ ಅವನು ಹೇಳಿದ, ಗೊತ್ತಿಲ್ಲ ಎಂದದ್ದನ್ನೂ ಸೇರಿಸಿ.

“ಆ ಪೌಡರ್ ರೂಮಿನಾಗ ಇನ್ನೂ ಮಂದಿ ಇದ್ದಾರಲ್ಲ. ಅವರಿಗಿ ಹೇಳೀರೇನು?”

“ಇಲ್ಲ.”

“ಅವರ ಹೆಂಡ್ರೂ ಎಲ್ಲೆರೆ ಚೀಲ ತುಂಬ್ಲಕತ್ತಿರಬಹುದು,” ಎಂದು ಸೌಂದರ್ಯಾ ಎದ್ದು, ಬಂದ ಬಸ್ಸು ಹತ್ತಿದಳು. ಅದು ವಿಲ್ಲಿವಾಕ್ಕಂ ಕಡೆಯದೇ. ಅವನೂ ಹತ್ತಿದ. ಅವಳು ಹೆಂಗಸರ ಸೀಟಿನಲ್ಲಿ ಕುಳಿತಳು, ಅವನು ಹಿಂದೆ ನಿಂತ.

ಮನೆಯಲ್ಲಿ ಅಂದಿನಿಂದ ಮಾತು ಕಡಿಮೆಯಾಯಿತು. ಹಾಲಸಿದ್ದಪ್ಪನವರು ಏನಾಯಿತೆಂದು ಹೆಂಡತಿಯಿಂದ ಕೇಳಿ ತಿಳಿದು, ಮಗನ ಮುಖ ನೋಡದೆ ಟಿವಿಯ ಧ್ವನಿ ಜೋರು ಮಾಡಿದರು. ಸೌಂದರ್ಯಾ ಮಾತ್ರೆಗಳನ್ನೆಲ್ಲ ನಿಲ್ಲಿಸಿದಳು. ತವರಿಗೆ ಹೋಗುತ್ತಾಳೆಂದು ವೀರೇಶ್ ಹೆದರಿದ್ದ. ಅವಳು ಹೋಗಲಿಲ್ಲ. ಶಾಲೆಗೆ ಹಾಕಿದ್ದ ರಜೆ ರದ್ದು ಮಾಡಿ ಮರುದಿನವೇ ಪಾಠಕ್ಕೆ ಹೋದಳು. ರಾತ್ರಿ ಮಲಗುವುದನ್ನು ಮಾತ್ರ ಹಾಲ್‌ಗೆ ಬದಲಾಯಿಸಿಕೊಂಡಳು.

ಜಗದೇವಿ ಕೆಲವು ದಿನ ಸೊಸೆಯ ಮುಖ ತಪ್ಪಿಸಿದರು. ಭಾನುವಾರ ಕಲಬುರಗಿಯಿಂದ ಅವರ ತಂಗಿಯ ಫೋನು ಬಂತು. ವಾರಕ್ಕೊಮ್ಮೆ ಬರುವ ಫೋನು ಅದು. ಮಾತು ಎಂದಿನ ಹಾಗೆ ಸೌಂದರ್ಯಾಳ ಆಪರೇಷನ್ನಿಗೆ ಬಂದು ನಿಂತಿತು. ಸೌಂದರ್ಯಾ ಅಲ್ಲೇ ಕುಳಿತು ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ವೀರೇಶನೂ ಇದ್ದ.

“ಆಪರೇಷನ್ ಇಲ್ಲ,” ಎಂದರು ಜಗದೇವಿ. “ಸೌಂದರ್ಯಾಗ ಏನೂ ಆಗಿಲ್ಲ. ತೊಂದ್ರಿ ಇರೋದು ನಮ್ಮ ವೀರೇಶಂದು. ಇನ್ನ ಮ್ಯಾಲ ಆ ಹುಡುಗಿಗಿ ಯಾರೂ ಏನೂ ಅನಬ್ಯಾಡ್ರಿ. ಎಲ್ಲರಗಿಂತ ಮೊದಲ ಅಂದಾಕಿ ನಾನೇ.”

ಆ ಕಡೆಯಿಂದ ಏನೋ ಕೇಳಿದರು. ಜಗದೇವಿ, ಎಲ್ಲರಿಗೂ ಹೇಳು, ಮುಚ್ಚಿಡುವುದು ಏನಿಲ್ಲ ಎಂದು ಹೇಳಿ ಫೋನಿಟ್ಟು ಒಳಗೆ ಹೋದರು. ಸೌಂದರ್ಯಾ ತಿದ್ದುತ್ತಿದ್ದ ಹಾಳೆಯ ಮೇಲೆ ಕೆಂಪು ಪೆನ್ನು ಊರಿ ಹಾಗೇ ಕುಳಿತಿದ್ದಳು. ವೀರೇಶನಿಗೆ ತಾಯಿಯ ಮೇಲೆ ಕೋಪ ಬಂತು. ತನ್ನ ಮಾನ ಕಲಬುರಗಿಯವರೆಗೂ ಹೋಯಿತು ಎನಿಸಿತು. ಸೌಂದರ್ಯಾಳದು ಎಂದೋ ಹೋಗಿತ್ತು ಎಂಬುದು ಅದರ ಹಿಂದೆಯೇ ಹೊಳೆಯಿತು.

ಸೋಮವಾರ ಅವನು ಪುಡಿ ಕೋಣೆಯವರನ್ನು ಹೊರಗೆ ಬೇವಿನ ಮರದ ಕೆಳಗೆ ಕರೆದು, ತನ್ನ ಪರೀಕ್ಷೆಯಲ್ಲಿ ಬಂದದ್ದನ್ನು ಹೇಳಿದ. ಯಾರೂ ನಗಲಿಲ್ಲ. ಪುಡಿಯಿಂದಲೇ ಎಂದು ಖಚಿತವಿಲ್ಲ, ಅಲ್ಲವೆಂದೂ ಖಚಿತವಿಲ್ಲ, ನಿಮ್ಮದು ನೋಡಿದರೆ ತಿಳಿದೀತು ಎಂದ. ಮದುವೆಯಾದಾಗಿನಿಂದ ತನ್ನ ಹೆಂಡತಿಯ ತಾಯಿ ಪ್ರತಿ ತಿಂಗಳು ಫೋನು ಮಾಡಿ ಏನಾದರೂ ವಿಶೇಷವೇ ಎಂದು ಮಗಳನ್ನು ಕೇಳುತ್ತಾರೆ ಎಂದ ತಿರುಮಲ. ಆಮೇಲೆ ತಾನು ಕೊಡುತ್ತೇನೆ ಎಂದ. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು.

ಅವನು ಪುಡಿಯ ಮೇಲೆ ಅನುಮಾನ ಹುಟ್ಟಿಸಿದನೆಂದು ತಿಳಿದು ಬದರಿನಾಥ ಕೆಂಡವಾದರು. ಇದೇ ಸತು ಮುಖಕ್ಕೆ ಹಚ್ಚುವ ಕ್ರೀಮಿನಲ್ಲೂ ಇರುತ್ತದೆ, ನಿನಗೆ ಮಕ್ಕಳಾಗದಿದ್ದರೆ ಕಂಪನಿ ಏನು ಮಾಡಬೇಕು ಎಂದರು. ಮುಖಕ್ಕೆ ಹಚ್ಚುವುದು ಬೇರೆ, ಚೀಲ ಬಿಚ್ಚಿ ಉಸಿರಾಡುವುದು ಬೇರೆ ಎಂದ ವೀರೇಶ್. ಕೊಳ್ಳುವವರು ಕೇಳಿದ್ದೂ ಅದನ್ನೇ, ಅವರಿಗೆ ನಾನೇ ಬರೆಯಲೇ ಎಂದೂ ಕೇಳಿದ. ಬದರಿನಾಥ ಅವನನ್ನು ಆ ವಾರವೇ ಪುಡಿ ಕೋಣೆಯಿಂದ ತೆಗೆದು ಗೋದಾಮಿಗೆ ಹಾಕಿದರು. ಅದು ಶಿಕ್ಷೆಯೆಂದೇ ಎಲ್ಲರಿಗೂ ಗೊತ್ತಿತ್ತು. ವೀರೇಶ್ ವಿರೋಧಿಸಲಿಲ್ಲ.

ಮಾದರಿಗಳ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ. ಹೊಸದಾಗಿ ಸೇರಿದವರಲ್ಲಿ ಹೆಚ್ಚಿನವರದು ಸರಿಯಿತ್ತು. ಹಳಬರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯದು ವೀರೇಶನ ಹಾಗೇ ಇತ್ತು. ಪುಡಿ ಮುಟ್ಟದ, ಡಬ್ಬಿಗೆ ಬಣ್ಣ ತುಂಬುವ ವಿಭಾಗದವರಿಂದಲೂ ಮಾದರಿ ಪಡೆದು ಹೋಲಿಸಿದಾಗ ವ್ಯತ್ಯಾಸ ಎದ್ದು ಕಂಡಿತು. ತಿರುಮಲನದು ಎರಡರ ನಡುವೆ ಬಂತು. ವೀಕ್ಷಾ ತನ್ನ ವರದಿಯಲ್ಲಿ, ಸಂಬಂಧವಿರುವಂತೆ ತೋರುತ್ತದೆ, ಸಾಬೀತಾಗಲು ಇನ್ನೂ ಹೆಚ್ಚು ಜನರನ್ನು ಹೆಚ್ಚು ಕಾಲ ನೋಡಬೇಕು ಎಂದು ಬರೆದಳು. ಯುರೋಪಿನವರಿಗೆ ಅಷ್ಟು ಸಾಕಾಯಿತು. ಚೀಲವನ್ನು ಗಾಜಿನ ಪೆಟ್ಟಿಗೆಯೊಳಗೇ ಬಿಚ್ಚಿ ಸುರಿಯುವ, ಗಾಳಿಯನ್ನು ಹೀರಿ ಸೋಸುವ ಯಂತ್ರ ಬಂದಿತು. ಮುಖಕ್ಕೆ ಸರಿಯಾದ ಮಾಸ್ಕುಗಳು ಬಂದವು. ಬದರಿನಾಥ ಅದನ್ನು ತಮ್ಮ ಮುಂದಾಲೋಚನೆಯೆಂದು ಮೇಲಿನವರಿಗೆ ತಿಳಿಸಿದರು.

ಆ ಬೇಸಿಗೆಯಲ್ಲಿ ಒಂದು ಸಂಜೆ ಸೌಂದರ್ಯಾ, ಸಮುದ್ರದ ಕಡೆ ಹೋಗಿ ಬರೋಣವೇ ಎಂದು ತಾನಾಗಿ ಕೇಳಿದಳು. ಬೆಸೆಂಟ್ ನಗರದ ಮರಳಿನಲ್ಲಿ ಕುಳಿತು, ಮಗುವಿನ ವಿಷಯ ಒಂದು ವರ್ಷ ಎತ್ತುವುದು ಬೇಡ ಎಂದಳು. ತನ್ನ ಮೈ ತನಗೆ ವಾಪಸು ಬರಬೇಕು. ಆಮೇಲೆ ಬೇಕೆನಿಸಿದರೆ ತಾನೇ ಹೇಳುತ್ತೇನೆ, ಬೇಡವೆನಿಸಿದರೆ ಅದನ್ನೂ ಹೇಳುತ್ತೇನೆ ಎಂದಳು. ಅವನು ಒಪ್ಪಿದ. ನೀವು ಮಾತ್ರ ಡಾಕ್ಟರ ಹತ್ತಿರ ಹೋಗಬೇಕು, ನಿಮ್ಮ ಪಾಲಿನದನ್ನು ನೀವು ಮಾಡಿ ಎಂದೂ ಹೇಳಿದಳು. ಆ ವಾರ ಅವಳು ಹಾಲ್‌ನಿಂದ ಹಾಸಿಗೆ ಎತ್ತಿ ಒಳಗೆ ತಂದಳು. ಅವಳ ತಲೆನೋವು ಅಷ್ಟರಲ್ಲಿ ಪೂರ್ತಿ ನಿಂತಿತ್ತು.

ಮಳೆಗಾಲ ಶುರುವಾದ ಮೇಲೆ ವೀರೇಶ್ ಒಬ್ಬನೇ ಕ್ಲಿನಿಕ್ಕಿಗೆ ಹೋದ. ಸಾಲಾಗಿ ಕುಳಿತಿದ್ದವರಲ್ಲಿ ಅವನೊಬ್ಬನೇ ಗಂಡಸು. ಡಬ್ಬಿ ತೆಗೆದುಕೊಂಡು ಕೋಣೆಗೆ ಹೋಗಿ ಬಂದ. ಮಧ್ಯಾಹ್ನ ಡಾಕ್ಟರಮ್ಮ ಫಲಿತಾಂಶ ನೋಡಿ, ಮೊದಲಿಗಿಂತ ಬಹಳ ಸುಧಾರಿಸಿದೆ, ಇನ್ನೂ ಪೂರ್ತಿಯಲ್ಲ ಎಂದರು. ಪುಡಿ ಬಿಟ್ಟಿದ್ದಕ್ಕೋ ಎಂದು ಕೇಳಿದ. ಇರಬಹುದು ಎಂದರು ಅವರು. ಆ ‘ಇರಬಹುದು’ ಅವನಿಗೆ ಈಗ ಅಭ್ಯಾಸವಾಗಿತ್ತು.

ಹೊರಗೆ ಬಂದು ಸೌಂದರ್ಯಾಳಿಗೆ ಫೋನು ಮಾಡಿದ. ಅವಳು ಎರಡು ಪೀರಿಯಡ್‌ಗಳ ನಡುವೆ ಇದ್ದಳು, ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು.

“ಈಗ ಅರ್ಧದಷ್ಟು ಓಡಾಡ್ಲಕತ್ತಾವಂತ,” ಎಂದ.

ಅವಳು ಸಣ್ಣಗೆ ನಕ್ಕಳು. ಅವನು ಅದನ್ನು ಕೇಳಿ ಬಹಳ ದಿನವಾಗಿತ್ತು.

“ಛಲೋ ಆತು,” ಎಂದಳು. “ಅತ್ತಿಗೂ ನೀವೇ ಫೋನ್ ಮಾಡಿ ಹೇಳ್ರಿ, ಮುಂಜಾನಿಯಿಂದ ಕಾಯ್ಲಕತ್ತಾರ. ನನಗ ಒಂಬತ್ತನೇ ಬಿ ಕ್ಲಾಸ್ ಅದ.”